ಬಾಲ್ ಕಳೆದ್ರೆ ಏನ್ಮಾಡ್ಬೇಕು? ಗಾಲ್ಫ್ ಪ್ರಶ್ನೋತ್ತರ

ಪ್ರಶ್ನೆ: ಸರ್, ಟೀಯಿಂದ (ಮೊದಲ ಹೊಡೆತ ಹೊಡೆಯೋ ಜಾಗದಿಂದ) ಹೊಡೆದ ಬಾಲ್ ಬಲಗಡೆ ಮರಗಳ ಕಡೆ ಹೋಯ್ತು. ಸಿಗೋದು ಡೌಟು ಅನ್ನಿಸಿ "ಇರಿ, ಇನ್ನೊಂದು ಹೊಡ್ದುಬಿಡ್ತೀನಿ" ಅಂತ ಅಲ್ಲಿಂದ್ಲೇ ಇನ್ನೊಂದು ಹೊಡ್ದೆ. ಹೋಗಿ ನೋಡಿದ್ರೆ ಮೊದಲನೇದು ಹುಲ್ಲಲ್ಲಿ ಕಣ್ಣಿಗೆ ಕಾಣೋ ಹಾಗೇ ಇದೆ! ಆದ್ರೆ ಜೊತೆಯವರು ಅದನ್ನ ಆಡೋ ಹಾಗಿಲ್ಲ ಅಂದ್ರು. ಇದು ನ್ಯಾಯಾನಾ?

ಉತ್ತರ: ಅವರು ಹೇಳಿದ್ದು ಸರಿ. ಎರಡನೇ ಬಾಲ್ ಹೊಡೆಯೋ ಮುಂಚೆ ಅದು "ಪ್ರಾವಿಷನಲ್" (ಮೊದಲನೇದು ಸಿಗದಿದ್ರೆ ಮಾತ್ರ ಲೆಕ್ಕಕ್ಕೆ ಬರೋ ತಾತ್ಕಾಲಿಕ ಬಾಲ್) ಅಂತ ನೀವು ಬಾಯ್ಬಿಟ್ಟು ಹೇಳ್ಬೇಕಿತ್ತು. ಅದೇ ಪದ ಇರ್ಬೇಕು, ಇಲ್ಲಾ ರೂಲ್ 18.3 ಪ್ರಕಾರ ಪ್ರಾವಿಷನಲ್ ಆಡ್ತಿದೀನಿ ಅನ್ನೋದು ಬೇರೆ ಮಾತಲ್ಲಾದ್ರೂ ಸ್ಪಷ್ಟವಾಗಿರ್ಬೇಕು, ಬರೀ "ಇನ್ನೊಂದು ಹೊಡೀತೀನಿ" ಅಂದ್ರೆ ಸಾಲಲ್ಲ. ಹಾಗಾಗಿ ನೀವು ಹೊಡೆದ ಕ್ಷಣಕ್ಕೇ ಎರಡನೇದು ಅಸಲಿ ಬಾಲ್ ಆಯ್ತು, ಮೊದಲನೇದು ಆಟದಿಂದ ಹೊರಗೆ. ಲೆಕ್ಕ ಹೇಗೆ ಅಂದ್ರೆ ಮೊದಲ ಹೊಡೆತ ಒಂದು, ಪೆನಾಲ್ಟಿ ಒಂದು, ಎರಡನೇ ಬಾಲಿಂದು ಒಂದು, ಅಂದ್ರೆ ಮುಂದಿನದು ನಾಲ್ಕನೇ ಹೊಡೆತ. ಅವರ ಮಾತು ಕೇಳ್ದೆ ಮೊದಲನೇದನ್ನ ಆಡಿದ್ರೆ ರಾಂಗ್ ಬಾಲ್ ಆಗಿ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸೋ ಆಟದಲ್ಲಿ) ಇನ್ನೂ ಎರಡು ಪೆನಾಲ್ಟಿ ಬೀಳ್ತಿತ್ತು, ಅದನ್ನ ಸರಿಮಾಡ್ಕೊಳ್ದೆ ಮುಂದಿನ ಹೋಲ್ ಶುರು ಮಾಡಿದ್ರೆ ಡಿಸ್ಕ್ವಾಲಿಫೈ. ಅವರು ತಡೆದಿದ್ದು ಒಳ್ಳೇದೇ ಆಯ್ತು.

ಪ್ರಶ್ನೆ: ಹುಡುಕೋಕೆ ಐದು ನಿಮಿಷ ಇದೆ ಅಲ್ವಾ? ಟೈಮ್ ಯಾವಾಗಿಂದ ಲೆಕ್ಕ? ಹುಡುಕುವಾಗ ನನ್ನ ಕಾಲೇ ಬಾಲಿಗೆ ತಗುಲಿದ್ರೆ?

ಉತ್ತರ: ಐದು ನಿಮಿಷ ಹಳೇ ಕಥೆ, 2019ರಿಂದ ಮೂರೇ ನಿಮಿಷ. ನೀವೋ ನಿಮ್ಮ ಕ್ಯಾಡಿನೋ (ಬ್ಯಾಗ್ ಹೊರೋ ಸಹಾಯಕ) ಹುಡುಕೋಕೆ ಶುರು ಮಾಡಿದಾಗಿಂದ ಲೆಕ್ಕ, ಜೊತೆಯವರು ಮೊದ್ಲೇ ಹೋಗಿ ಹುಡುಕ್ತಿದ್ರೆ ಅದು ಸೇರಲ್ಲ. ಎರಡೂಮುಕ್ಕಾಲು ನಿಮಿಷಕ್ಕೆ ಒಂದು ಬಾಲ್ ಕಂಡಿತು, ನಿಮ್ಮದೇ ಹೌದಾ ಅಂತ ಹತ್ರ ಹೋಗಿ ನೋಡೋಷ್ಟರಲ್ಲಿ ಮೂರು ದಾಟಿತು ಅಂದ್ರೆ ಭಯ ಬೇಡ, ಗುರುತಿಸೋಕೆ ಸ್ವಲ್ಪ ಸಮಯ ಕೊಡ್ತಾರೆ. ಆದ್ರೆ ಗುರುತು ಅಂತ ಇರ್ಬೇಕಲ್ಲ! ಒಂದೇ ಕಂಪನಿ ಒಂದೇ ನಂಬರಿನ ಎರಡು ಬಾಲ್ ಅಕ್ಕಪಕ್ಕ ಸಿಕ್ಕಿ ಯಾವುದು ನಿಮ್ಮದು ಅಂತ ಹೇಳೋಕೆ ಆಗ್ಲಿಲ್ಲ ಅಂದ್ರೆ ಅದೂ ಕಳೆದುಹೋದ ಬಾಲೇ, ಅದಕ್ಕೇ ಆಟಕ್ಕೆ ಮುಂಚೆ ಪೆನ್ನಲ್ಲಿ ಎರಡು ಚುಕ್ಕೆ ಹಾಕ್ಕೊಳ್ಳಿ ಅಂತ ಎಲ್ಲರಿಗೂ ಹೇಳ್ತೀನಿ. ಹುಡುಕುವಾಗ ಅಕಸ್ಮಾತ್ ಕಾಲು ತಗುಲಿದ್ರೆ ಪೆನಾಲ್ಟಿ ಇಲ್ಲ, ಇದ್ದ ಜಾಗಕ್ಕೇ ವಾಪಸ್ ಇಡಿ.

ಪ್ರಶ್ನೆ: ಪಾರ್ 3ರಲ್ಲಿ (ಮೂರು ಹೊಡೆತದಲ್ಲಿ ಮುಗಿಸೋ ಲೆಕ್ಕದ ಹೋಲಲ್ಲಿ) ನನ್ನ ಬಾಲ್ ಮುಳ್ಳುಪೊದೆಗೆ ಹೋಯ್ತು, ಪ್ರಾವಿಷನಲ್ ಹೋಲ್ ಪಕ್ಕದಲ್ಲೇ ನಿಂತಿತು. "ಮೊದಲನೇದು ಲಾಸ್ಟ್, ಹುಡುಕೋದು ಬೇಡ" ಅಂತ ಹೇಳಬಹುದಾ?

ಉತ್ತರ: ಹೇಳಬಹುದು, ಆದ್ರೆ ಆ ಮಾತಿಗೆ ಬೆಲೆ ಇಲ್ಲ. ಲಾಸ್ಟ್ ಅಂದ ಮಾತ್ರಕ್ಕೆ ಬಾಲ್ ಲಾಸ್ಟ್ ಆಗಲ್ಲ. ನೀವು ಹುಡುಕ್ಲೇಬೇಕು ಅಂತೇನಿಲ್ಲ, ಸೀದಾ ಹೋಗಿ ಪ್ರಾವಿಷನಲ್ ಆಡಿ, ಅದು ಮೊದಲನೇ ಬಾಲ್ ಇರಬಹುದಾದ ಜಾಗಕ್ಕಿಂತ ಹೋಲಿಗೆ ಹತ್ರ ಇರೋದ್ರಿಂದ ಆ ಹೊಡೆತಕ್ಕೇ ಮೊದಲನೇದರ ಕಥೆ ಮುಗೀತು. ಆದ್ರೆ ಎದುರಾಳಿಗೆ ಹುಡುಕಬೇಡಿ ಅನ್ನೋ ಹಕ್ಕು ನಿಮಗಿಲ್ಲ. ನೀವು ಆಡೋ ಮುಂಚೆ, ಮೂರು ನಿಮಿಷದೊಳಗೆ ಅವರಿಗೆ ಸಿಕ್ತು ಅಂದ್ರೆ ಪ್ರಾವಿಷನಲ್ ಎತ್ತಿಟ್ಟು ಮುಳ್ಳಲ್ಲಿರೋದನ್ನೇ ನೋಡ್ಕೋಬೇಕು, ಆಡೋಕೆ ಆಗ್ದಿದ್ರೆ ಒಂದು ಪೆನಾಲ್ಟಿ ತಗೊಂಡು ಅನ್‌ಪ್ಲೇಯಬಲ್ ನಿಯಮದಲ್ಲಿ ಹೊರಗೆ ತರಬಹುದು. ಕಷ್ಟ ಅನ್ಸುತ್ತೆ, ಆದ್ರೂ ನನಗೆ ಇದು ಸರಿಯಾದ ನಿಯಮಾನೇ ಅನ್ಸುತ್ತೆ, ಯಾವ ಬಾಲ್ ಲಾಭಾನೋ ಅದನ್ನ ಆರಿಸ್ಕೊಳ್ಳೋ ಹಾಗಿದ್ರೆ ಅದು ಆಟಾನೇ ಅಲ್ಲ.

ಪ್ರಶ್ನೆ: ಪ್ರಾವಿಷನಲ್ ಆಡ್ದೆ ಮುಂದೆ ಬಂದುಬಿಟ್ಟಿದ್ರೆ ಟೀವರೆಗೂ ವಾಪಸ್ ನಡೀಲೇಬೇಕಾ?

ಉತ್ತರ: ಮಾಮೂಲಿ ನಿಯಮ ಅದೇ. ಆದ್ರೆ ಕೋರ್ಸ್‌ನವರು ಅದಕ್ಕಿರೋ ಲೋಕಲ್ ರೂಲ್ ಜಾರಿ ಮಾಡಿದ್ರೆ ಎರಡು ಪೆನಾಲ್ಟಿ ತಗೊಂಡು ಬಾಲ್ ಕಳೆದ ಕಡೆ, ಫೇರ್‌ವೇ (ಹುಲ್ಲು ಸಣ್ಣಗೆ ಕತ್ತರಿಸಿರೋ ಮುಖ್ಯ ದಾರಿ) ಅಂಚಿನ ಹತ್ರ ಡ್ರಾಪ್ ಮಾಡಬಹುದು, ಅಂದ್ರೆ ಬಾಲ್ ಕೈಯಿಂದ ಬೀಳಿಸಿ ಅಲ್ಲಿಂದ ಆಡಬಹುದು. ದೊಡ್ಡ ಟೂರ್ನಮೆಂಟ್‌ಗಳಿಗೆ ಇದು ಅಲ್ಲ, ನಮ್ಮ ನಿಮ್ಮಂಥವರ ಆಟಕ್ಕೆ. ಸ್ಕೋರ್‌ಕಾರ್ಡ್ ಹಿಂಭಾಗದಲ್ಲಿ ಬರೆದಿದ್ಯಾ ಅಂತ ಆಟಕ್ಕೆ ಮುಂಚೆನೇ ನೋಡ್ಕೊಳ್ಳಿ.