ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡದೆಯೂ ಬ್ರೆಜಿಲ್‌ನ ಆಸ್ಕರ್ ಶ್ಮಿಟ್ ಅಷ್ಟು ದೊಡ್ಡ ಬಾಸ್ಕೆಟ್‌ಬಾಲ್ ಆಟಗಾರ ಆಗಿದ್ದು ಹೇಗೆ?

ಆಸ್ಕರ್‌ಗೆ ಎನ್‌ಬಿಎ ಬಾಗಿಲು ಮುಚ್ಚಿರಲಿಲ್ಲ. 1984ರಲ್ಲಿ ನ್ಯೂಜೆರ್ಸಿ ನೆಟ್ಸ್ ತಂಡ ಅವರನ್ನು ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ, ಆರಿಸಿತ್ತು. ಅವರೇ ಬೇಡ ಅಂದರು. ಆಗಿನ ನಿಯಮದಲ್ಲಿ ಎನ್‌ಬಿಎ ಸೇರಿದವರು ದೇಶದ ತಂಡಕ್ಕೆ ಆಡುವ ಹಾಗಿರಲಿಲ್ಲ. ನಿಯಮ ಬದಲಾಗಿದ್ದು 1989ರಲ್ಲಿ.

ಹಾಗಾಗಿ ಕ್ಲಬ್ ಆಟವನ್ನು ಹೆಚ್ಚಾಗಿ ಇಟಲಿಯಲ್ಲಿ ಆಡಿದರು, ಮೊದಲು ಕಸೆರ್ಟಾ, ಆಮೇಲೆ ಪಾವಿಯಾ. ನಂತರ ಸ್ಪೇನ್, ಕೊನೆಗೆ ಮತ್ತೆ ಬ್ರೆಜಿಲ್. 2003ರಲ್ಲಿ ನಿವೃತ್ತಿ.

ನನ್ನ ಪ್ರಕಾರ ಅವರ ಅತಿ ದೊಡ್ಡ ದಿನ 1987ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಫೈನಲ್. ಜಾಗ ಇಂಡಿಯಾನಾಪೊಲಿಸ್, ಎದುರಾಳಿ ಅಮೆರಿಕ. ಅರ್ಧ ಆಟ ಮುಗಿದಾಗ ಬ್ರೆಜಿಲ್ 14 ಅಂಕ ಹಿಂದಿತ್ತು. ಆಮೇಲೆ ಆಸ್ಕರ್ ಮತ್ತು ಅವರ ತಂಡದ ಮಾರ್ಸೆಲ್ ದೂರದಿಂದ ಚೆಂಡು ಹಾಕುತ್ತಲೇ ಹೋದರು. 120-115ರಿಂದ ಗೆದ್ದರು! ಆಸ್ಕರ್ ಒಬ್ಬರದೇ 46 ಅಂಕ. ಅಮೆರಿಕವನ್ನು ಅದರ ನೆಲದಲ್ಲೇ ಸೋಲಿಸುವುದು ಸುಮ್ನೆ ಮಾತಲ್ಲ, ಅಲ್ವಾ?

1980ರಿಂದ 1996ರವರೆಗೆ ಐದು ಒಲಿಂಪಿಕ್ಸ್ ಆಡಿ ಒಟ್ಟು 1,093 ಅಂಕ ಗಳಿಸಿದರು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ವಿರುದ್ಧ ಒಂದೇ ಪಂದ್ಯದಲ್ಲಿ 55. ಒಲಿಂಪಿಕ್ ಪದಕ ಮಾತ್ರ ಸಿಗಲಿಲ್ಲ, ಅದು ನನಗೆ ಇಂದಿಗೂ ಬೇಸರ. ಎನ್‌ಬಿಎಯಲ್ಲಿ ಒಂದೂ ಲೀಗ್ ಪಂದ್ಯ ಆಡದಿದ್ದರೂ 2013ರಲ್ಲಿ ಬಾಸ್ಕೆಟ್‌ಬಾಲ್ ದಿಗ್ಗಜರನ್ನು ಗೌರವಿಸುವ ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.