ಮುಂಬೈಗೆ ಬಸ್ಸು ಮಾಡಿಕೊಂಡು ಹೋಗಬೇಡಿ

ಚಿತ್ರಕಲೆಯ ವಿದ್ಯಾರ್ಥಿಗಳಾದ ನೀವು ಮುಂಬೈ ಪ್ರವಾಸದ ಬಗ್ಗೆ ಬರೆದ ಪತ್ರ ಓದಿದೆ: ಮೂವತ್ತು ಜನ, ನಾಲ್ಕು ದಿನ, ಒಂದು ಬಾಡಿಗೆ ಬಸ್ಸು, ‘ಮುಂಬೈನ ಒಂದೂ ಗ್ಯಾಲರಿ ತಪ್ಪದಂತೆ ಪಟ್ಟಿ ಕೊಡಿ’ ಎಂಬ ಕೋರಿಕೆ. ಕಲಬುರಗಿಯಲ್ಲಿ ಚಿತ್ರಕಲೆ ಓದುತ್ತಿದ್ದಾಗ ನಾವು ಹೋದ ಪ್ರವಾಸವನ್ನೇ ನೀವು ಬರೆದಂತಿದೆ. ಪಟ್ಟಿಯನ್ನು ನಾನು ಕೊಡುವುದಿಲ್ಲ. ನಮ್ಮ ಹತ್ತಿರವೂ ಟೈಪ್ ಮಾಡಿಸಿದ ಚೆಂದದ ಪಟ್ಟಿ ಇತ್ತು. ನಮ್ಮನ್ನು ಕೆಡಿಸಿದ್ದು ಬಸ್ಸು.

ಬಸ್ಸಿದ್ದರೆ ಹಾಸಿಗೆ, ಡ್ರಾಯಿಂಗ್ ಬೋರ್ಡು, ಅಡುಗೆ ಸಾಮಾನು ಎಲ್ಲ ಜೊತೆಗೇ ಬರುತ್ತದೆ, ಹುಡುಗಿಯರ ಮನೆಯವರಿಗೂ ಧೈರ್ಯ ಎಂದು ಮೇಷ್ಟ್ರ ಮುಂದೆ ವಾದಿಸಿದವನು ನಾನೇ. ನವಿ ಮುಂಬೈನ ವಾಶಿಯಲ್ಲಿ ಪರಿಚಯದವರೊಬ್ಬರ ಮೂಲಕ ಪುಕ್ಕಟೆ ಸಭಾಭವನ ಸಿಕ್ಕಿದ್ದರಿಂದ ನನ್ನ ವಾದಕ್ಕೆ ಇನ್ನಷ್ಟು ಬಲ ಬಂತು. ಬೆಳಿಗ್ಗೆ ಏಳಕ್ಕೆ ಹೊರಡಬೇಕು. ಒಬ್ಬನ ಸ್ನಾನ ಮುಗಿದಿಲ್ಲ, ಒಬ್ಬಳ ಚಪ್ಪಲಿ ಸಿಗುತ್ತಿಲ್ಲ, ತಲೆ ಎಣಿಸಿದರೆ ಒಂದು ಕಡಿಮೆ. ಒಂಬತ್ತೂವರೆಗೆ ಸೇತುವೆ ದಾಟಿದರೆ ಚೆಂಬೂರಿನಲ್ಲಿ ವಾಹನಗಳ ಸಾಲು. ಎಲ್ಲರಿಗೂ ನಿದ್ದೆ. ಗ್ಯಾಲರಿಗಳಿರುವ ಫೋರ್ಟ್ ಪ್ರದೇಶ ತಲುಪಿದರೆ ಬಸ್ಸು ನಿಲ್ಲಿಸಲು ಜಾಗವಿಲ್ಲ. ನಾವು ಗ್ಯಾಲರಿಯ ಒಳಗೆ ಕಾಲಿಟ್ಟು ಹತ್ತು ನಿಮಿಷವಾಗುವಷ್ಟರಲ್ಲಿ ‘ಪೊಲೀಸರು ಗಾಡಿ ತೆಗೆಯಿರಿ ಎನ್ನುತ್ತಿದ್ದಾರೆ’ ಎಂದು ಚಾಲಕರ ಫೋನು. ವಾಶಿ ನಿಲ್ದಾಣದಿಂದ ಹಾರ್ಬರ್ ಮಾರ್ಗದ ಲೋಕಲ್ ರೈಲು ನೇರವಾಗಿ ಫೋರ್ಟ್ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ, ಅಂದರೆ ಸಿಎಸ್‌ಎಂಟಿಗೆ, ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಮುಟ್ಟಿಸುತ್ತದೆ. ನಮ್ಮ ಕಣ್ಣೆದುರೇ ಅದು ಓಡಾಡುತ್ತಿತ್ತು. ಆದರೂ ಬಾಡಿಗೆ ಕೊಟ್ಟಾಗಿದೆಯಲ್ಲ, ಬಸ್ಸನ್ನು ಖಾಲಿ ನಿಲ್ಲಿಸುವುದು ಹೇಗೆ ಎಂದು ಮರುದಿನವೂ ಅದನ್ನೇ ಹತ್ತಿದೆವು. ಮೊದಲನೆಯ ದಿನದ್ದನ್ನು ಅಜ್ಞಾನ ಎನ್ನಬಹುದು, ಎರಡನೆಯ ದಿನದ್ದು ಶುದ್ಧ ಜಿಪುಣತನ.

ಆ ಎರಡನೆಯ ದಿನ ಭಾನುವಾರ. ಗೇಟ್‌ವೇ ಆಫ್ ಇಂಡಿಯಾ ತಲುಪುವ ಹೊತ್ತಿಗೆ ಗುಹಾಶಿಲ್ಪಗಳಿರುವ ಎಲಿಫೆಂಟಾ ದ್ವೀಪಕ್ಕೆ ಹೋಗುವ ಕೊನೆಯ ದೋಣಿಯೂ ಬಿಟ್ಟಿತ್ತು. ಸೋಮವಾರ ಗುಹೆಗಳಿಗೆ ರಜೆ. ಮಂಗಳವಾರ ನಾವು ಊರಿಗೆ ಹೊರಡಬೇಕು. ಅಲ್ಲಿಗೆ ಮುಗಿಯಿತು.

ಕೆಲಸ ಸಿಕ್ಕಿದ ಮೇಲೆ ಒಬ್ಬನೇ ಹೋಗಿ ನೋಡಿದೆ. ದೊಡ್ಡ ಗುಹೆ ಮೂರು ದಿಕ್ಕಿಗೆ ತೆರೆದುಕೊಂಡಿದೆ. ಸದಾಶಿವನ ಮೂರು ಮುಖಗಳ ಮೇಲೆ ಬೆಳಕು ನೇರವಾಗಿ ಬೀಳದೆ ಪಕ್ಕದಿಂದ ನುಸುಳಿ ಬರುತ್ತದೆ. ನಮ್ಮ ಎಡಕ್ಕೆ ಮೀಸೆಯ, ಹುಬ್ಬು ಗಂಟಿಕ್ಕಿದ ಅಘೋರ. ಬಲಕ್ಕೆ ತಾವರೆ ಹಿಡಿದ ವಾಮದೇವ. ಕೂತು ಚಿತ್ರ ಬರೆಯುತ್ತಿದ್ದರೆ ಒಂದು ಮುಖ ಮುಂದೆ ಬರುತ್ತದೆ, ಇನ್ನೊಂದು ಕತ್ತಲಿಗೆ ಸರಿಯುತ್ತದೆ. ಕಲಾ ಇತಿಹಾಸದ ಪರೀಕ್ಷೆಯಲ್ಲಿ ಇದೇ ಶಿಲ್ಪದ ಬಗ್ಗೆ ಫೋಟೊ ನೋಡಿಕೊಂಡು ಎರಡು ಪುಟ ಬರೆದಿದ್ದೆ. ಅಂಕವೂ ಬಂದಿತ್ತು, ಪಾಪ.

ಆದ್ದರಿಂದ ನೀವು ರೈಲಿನಲ್ಲಿ ಹೋಗಿ. ಕಲಬುರಗಿ ಕಡೆಯಿಂದ ನೇರ ರೈಲುಗಳಿವೆ. ಸೊಲ್ಲಾಪುರಕ್ಕೆ ಬಂದು ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಸಿಎಸ್‌ಎಂಟಿಯಲ್ಲಿ ಇಳಿಯಬಹುದು. ಇಳಿದ ಕೂಡಲೇ ಓಡಬೇಡಿ, ಆ ನಿಲ್ದಾಣವೇ ನಿಮ್ಮ ಮೊದಲ ಪಾಠ. ಅಲ್ಲಿನ ಕಲ್ಲಿನ ಹಕ್ಕಿ, ಪ್ರಾಣಿ, ಬಳ್ಳಿಗಳ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ, ಅಂದರೆ ನಿಮ್ಮ ವಯಸ್ಸಿನವರದ್ದು. ಆ ಶಾಲೆ 1857ರದ್ದು, ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ. ನಮ್ಮ ನಾಡಿನ ಚಿತ್ರಕಾರ ಕೆ.ಕೆ. ಹೆಬ್ಬಾರರು ಕಲಿತದ್ದೂ ಕಲಿಸಿದ್ದೂ ಅಲ್ಲೇ. ಅದರ ಎದುರಿನ ಕ್ರಾಫರ್ಡ್ ಮಾರುಕಟ್ಟೆಯ ಬಾಗಿಲ ಮೇಲಿನ ಉಬ್ಬುಶಿಲ್ಪ ಅದೇ ಶಾಲೆಯ ಮೇಷ್ಟ್ರು ಲಾಕ್‌ವುಡ್ ಕಿಪ್ಲಿಂಗ್ ಅವರದ್ದು. ಕೆಳಗೆ ನಿಂತು ಬರೆಯುತ್ತಿದ್ದರೆ ಹಣ್ಣಿನವರು ಬಯ್ಯುತ್ತಾರೆ, ಬಯ್ಯಲಿ.

ವಸತಿಗೆ ಸ್ವಲ್ಪ ಹೆಚ್ಚು ಖರ್ಚಾದರೂ ಫೋರ್ಟ್ ಸುತ್ತಮುತ್ತಲೇ ಹುಡುಕಿ. ಬೋರ್ಡುಗಳನ್ನು ಊರಲ್ಲೇ ಬಿಟ್ಟು ಜೇಬಿಗೆ ಹೋಗುವ ಸ್ಕೆಚ್ ಪುಸ್ತಕ ಒಯ್ಯಿರಿ. ಮೂವತ್ತು ಜನ ಒಟ್ಟಿಗೆ ನಡೆಯಬೇಡಿ, ಮೂರು ನಾಲ್ಕು ಜನರ ಗುಂಪು ಸಾಕು. ಸಂಜೆ ಒಂದು ಕಡೆ ಸೇರಿದರಾಯಿತು. ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯ, ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ, ಜಹಾಂಗೀರ್ ಆರ್ಟ್ ಗ್ಯಾಲರಿ ಮೂರೂ ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ. ನಾಲ್ಕು ದಿನಕ್ಕೆ ಇವಿಷ್ಟು ಮತ್ತು ಎಲಿಫೆಂಟಾ. ಉಳಿದದ್ದು ಬಿಟ್ಟು ಹೋದರೆ ಹೋಗಲಿ.

ರಾಷ್ಟ್ರೀಯ ಗ್ಯಾಲರಿಗೂ ಸೋಮವಾರ ರಜೆ. ಅವತ್ತು ಸಂಜೆ ಜಹಾಂಗೀರಿಗೆ ಹೋಗಿ. ಅಲ್ಲಿನ ಪ್ರದರ್ಶನಗಳು ಸಾಮಾನ್ಯವಾಗಿ ಮಂಗಳವಾರ ಶುರುವಾಗಿ ಸೋಮವಾರ ಮುಗಿಯುತ್ತವೆ, ಕಲಾವಿದರು ತಮ್ಮ ಚಿತ್ರಗಳನ್ನು ಗೋಡೆಯಿಂದ ಇಳಿಸುತ್ತಿರುತ್ತಾರೆ. ಕೇಳಿಕೊಂಡು ಒಂದು ಕೈ ಹಚ್ಚಿ. ಕ್ಯಾನ್ವಾಸಿನ ಹಿಂಬದಿ ಕಾಣುತ್ತದೆ: ಚೌಕಟ್ಟಿನ ಮೂಲೆ ಹೇಗೆ ಕೂಡಿಸಿದ್ದಾರೆ, ಬಟ್ಟೆಯನ್ನು ಎಲ್ಲಿ ಮಡಿಸಿ ಮೊಳೆ ಹೊಡೆದಿದ್ದಾರೆ, ಯಾವ ಮೂಲೆಯಲ್ಲಿ ಬೆಲೆ ಬರೆದು ಆಮೇಲೆ ಹೊಡೆದುಹಾಕಿದ್ದಾರೆ ಎಂದು.