ಕೈಗೆ ಹತ್ತಿದ ಕಲೆ: ಮೊದಲು ಹುಳಿ, ಆಮೇಲೆ ಸೋಪು

ಓದುಗರ ಪ್ರಶ್ನೆಗೆ ಚರ್ಮವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ಸಿದ್ದಾಪುರದ ಹತ್ತಿರದ ಅಂಗನವಾಡಿಯಲ್ಲಿ ಸಹಾಯಕಿ. ಮನೆಯಲ್ಲಿ ಒಂದೂವರೆ ಎಕರೆ ಕಾಫಿ ಇದೆ. ಕುಯ್ಲು ಶುರುವಾದರೆ ರಜೆ ದಿನವೆಲ್ಲ ಅಮ್ಮನ ಜೊತೆ ತೋಟದಲ್ಲೇ. ನಡುನಡುವೆ ಬಾಳೆಗೊನೆ ಕಡಿಯುವುದು, ಚಿಪ್ಸ್‌ಗೆ ನೇಂದ್ರಕಾಯಿ ಸುಲಿಯುವುದು. ಅಂಗೈ, ಬೆರಳಿನ ಗೆರೆ, ಉಗುರಿನ ಸಂದು ಎಲ್ಲ ಕಪ್ಪು. ಎಷ್ಟು ಸೋಪು ಉಜ್ಜಿದರೂ ಹೋಗುವುದಿಲ್ಲ. ಮೊನ್ನೆ ಮಕ್ಕಳಿಗೆ ಬಡಿಸುವಾಗ ಒಬ್ಬರು ತಾಯಿ, ‘ಕೈ ತೊಳ್ಕೊಂಡಿದ್ದೀರಾ?’ ಎಂದು ಕೇಳಿಬಿಟ್ಟರು. ಅವತ್ತು ಮನೆಗೆ ಬಂದವಳೇ ನೆಲ ತೊಳೆಯುವ ಬ್ಲೀಚಿಂಗ್ ಪುಡಿಯ ನೀರಲ್ಲಿ ಕೈ ಅದ್ದಿದೆ. ಈಗ ಬೆರಳು ಬಿರುಕು ಬಿಟ್ಟಿವೆ, ಕಲೆ ಹಾಗೇ ಇದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಕೈಯಲ್ಲಿರುವುದು ಕೊಳೆಯಲ್ಲ. ಸೋಪು ಹಾಕಿ ತೊಳೆದ ಕೈ ಕಪ್ಪಾಗಿ ಕಂಡರೂ ಅದು ಶುದ್ಧವಾದ ಕೈಯೇ. ಕೇಳಿದ ಆ ತಾಯಿಗೂ ಇದನ್ನು ಸಮಾಧಾನದಿಂದ ಹೇಳಿ.

ಇನ್ನು, ನೀವು ಸೋಪು ಉಜ್ಜಿದಷ್ಟೂ ಕಲೆ ಗಟ್ಟಿಯಾಗಿದ್ದಕ್ಕೆ ಕಾರಣವಿದೆ. ಬಾಳೆಯ ಸೊನೆ, ಕಾಫಿಯ ಸಿಪ್ಪೆ, ಹಸಿ ಅಡಿಕೆ ಇವುಗಳಲ್ಲೆಲ್ಲ ಇರುವುದು ಚೊಗರು, ಅಂದರೆ ನಾಲಿಗೆಗೆ ಒಗರೆನಿಸುವ ಟ್ಯಾನಿನ್ ಅಂಶ. ಹಸಿಯಾಗಿದ್ದಾಗ ಅದಕ್ಕೆ ಬಣ್ಣವೇ ಇರುವುದಿಲ್ಲ. ಗಾಳಿ ತಾಗಿದ ಮೇಲೆ ಕಂದಾಗುತ್ತದೆ. ಕಬ್ಬಿಣ ತಾಗಿದರೆ ಮಸಿಯಂತೆ ಕಪ್ಪಾಗುತ್ತದೆ. ಗೊನೆ ಕಡಿದ ಕತ್ತಿಯನ್ನು ಒರೆಸದೆ ಇಟ್ಟರೆ ಮರುದಿನ ಅಲಗು ಕಪ್ಪಾಗಿರುವುದನ್ನು ನೀವೇ ನೋಡಿರುತ್ತೀರಿ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ನಿಮ್ಮ ಬಾವಿಯ ನೀರು ಬಕೆಟ್ಟಿನ ತಳದಲ್ಲಿ ಕೆಂಪು ಕಲೆ ಕಟ್ಟುತ್ತದೆಯೇ? ಹಾಗಿದ್ದರೆ ಆ ನೀರಲ್ಲೂ ಕಬ್ಬಿಣವಿದೆ. ಇದರ ಮೇಲೆ ಸೋಪು. ಸ್ನಾನದ ಸೋಪು, ಬಟ್ಟೆಯ ಸೋಪು ಎರಡೂ ಕ್ಷಾರ, ಮತ್ತು ಕ್ಷಾರ ತಾಗಿದರೆ ಚೊಗರು ಇನ್ನಷ್ಟು ಕಪ್ಪಾಗುತ್ತದೆ.

ಇದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಹಾಲು ಹಾಕದ ಟೀ ಡಿಕಾಕ್ಷನ್ ಅರ್ಧ ಲೋಟ ತೆಗೆದುಕೊಂಡು ಅದಕ್ಕೆ ತುಕ್ಕು ಹಿಡಿದ ಒಂದು ಮೊಳೆ ಹಾಕಿಡಿ. ಕೆಲವು ಗಂಟೆಯಲ್ಲಿ ಕಪ್ಪು ಶಾಯಿಯಾಗಿರುತ್ತದೆ. ಮೊಳೆ ತೆಗೆದು ಅರ್ಧ ನಿಂಬೆಹಣ್ಣು ಹಿಂಡಿ. ಕಪ್ಪು ನಿಮ್ಮ ಕಣ್ಣೆದುರೇ ತಿಳಿಯಾಗುತ್ತದೆ. ಹುಳಿ ಕಬ್ಬಿಣವನ್ನು ಚೊಗರಿನಿಂದ ಬಿಡಿಸುತ್ತದೆ. ಕೈಯಲ್ಲಿ ಆಗಬೇಕಾದದ್ದೂ ಇಷ್ಟೇ.

ಹಾಗಾಗಿ ತೋಟದಿಂದ ಬಂದ ಕೂಡಲೇ ಸೋಪು ಮುಟ್ಟಬೇಡಿ. ಬರಿಯ ನೀರಲ್ಲಿ ಮಣ್ಣು ತೊಳೆದು, ನಿಂಬೆಯ ಹೋಳನ್ನೋ ಸಾರಿಗೆ ಹಿಂಡಿ ಉಳಿದ ಹುಣಸೆ ಚರಟವನ್ನೋ ಅಂಗೈ, ಬೆರಳ ಗೆರೆಗಳಿಗೆ ಮೆಲ್ಲಗೆ ತಿಕ್ಕಿ. ಹಿಂಡಿದ ನಿಂಬೆಯ ಕರಟದೊಳಗೆ ಬೆರಳ ತುದಿ ತೂರಿಸಿ ತಿರುಗಿಸಿದರೆ ಉಗುರಿನ ಸಂದಿಗೂ ಹುಳಿ ಇಳಿಯುತ್ತದೆ. ಎರಡು ಮೂರು ನಿಮಿಷ ಬಿಟ್ಟು ಧಾರಾಳ ನೀರಲ್ಲಿ ತೊಳೆದು, ಕೊನೆಗೆ ಸೋಪು, ಒರೆಸಿಕೊಂಡು ನಾಲ್ಕು ಹನಿ ಕೊಬ್ಬರಿ ಎಣ್ಣೆ. ಕಲೆ ಹೊಸದಿದ್ದಷ್ಟೂ ಬೇಗ ಬಿಡುತ್ತದೆ. ರಾತ್ರಿ ನೋಡೋಣ ಎಂದು ಬಿಟ್ಟರೆ ಕಷ್ಟ. ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮುಂಚೆಯೇ ಕೈಗೆ ತೆಳ್ಳಗೆ ಎಣ್ಣೆ ಸವರಿಕೊಂಡರೆ ಗೆರೆಗಳೊಳಗೆ ಚೊಗರು ಇಳಿಯುವುದೇ ಕಡಿಮೆ.

ನಿಂಬೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ನಿಂಬೆರಸ ಹತ್ತಿದ ಕೈಯನ್ನು ಬಿಸಿಲಿಗೆ ಒಡ್ಡಬಾರದು. ಅದರ ಸಿಪ್ಪೆಯಲ್ಲೂ ರಸದಲ್ಲೂ ಇರುವ ಕೆಲವು ಅಂಶಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುತ್ತವೆ. ಒಂದೆರಡು ದಿನದಲ್ಲಿ ಬೊಬ್ಬೆ ಏಳಬಹುದು, ಆಮೇಲೆ ಕಂದು ಮಚ್ಚೆ ತಿಂಗಳುಗಟ್ಟಲೆ ಉಳಿಯಬಹುದು. ಸಂಜೆ, ನೆರಳಲ್ಲಿ ಮಾಡಿ, ಪೂರ್ತಿ ತೊಳೆಯಿರಿ. ಹುಣಸೆಗೆ ಈ ತೊಂದರೆಯಿಲ್ಲ. ಕಾಚಂಪುಳಿ ಆಗುತ್ತದೆಯೇ ಎಂದು ಪೊನ್ನಂಪೇಟೆಯ ಒಬ್ಬರು ಹಿಂದೆ ಕೇಳಿದ್ದರು. ಅದು ಬತ್ತಿಸಿ ಗಟ್ಟಿ ಮಾಡಿದ ಹುಳಿ, ಬಣ್ಣವೂ ಕಪ್ಪು. ಬಿರುಕಿನ ಕೈಗೆ ವಿಪರೀತ ಉರಿ ಕೊಡುತ್ತದೆ, ಅದು ಪಂದಿ ಕರಿಗೇ ಇರಲಿ.

ಈಗ ನಿಮ್ಮ ಬಿರುಕುಗಳು. ಬ್ಲೀಚಿಂಗ್ ನೀರು ಇವತ್ತಿಗೇ ನಿಲ್ಲಲಿ. ಅದಕ್ಕೆ ನಿಂಬೆಯನ್ನೋ ವಿನಿಗರನ್ನೋ ಸೇರಿಸುವ ಯೋಚನೆಯಂತೂ ಬೇಡವೇ ಬೇಡ, ಉಸಿರು ಕಟ್ಟಿಸುವ ವಿಷಗಾಳಿ ಏಳುತ್ತದೆ. ಬಿರುಕು ಕೂಡುವವರೆಗೆ ಹುಳಿಯೂ ಬೇಡ. ರಾತ್ರಿ ದಪ್ಪಗೆ ವ್ಯಾಸಲೀನ್ ಹಚ್ಚಿ ಹತ್ತಿಯ ಕೈಗವಸು ಹಾಕಿ ಮಲಗಿ. ಕೆಂಪಾಗಿ ನೀರು ಒಸರುತ್ತಿದ್ದರೆ ವೈದ್ಯರಿಗೆ ತೋರಿಸಿ. ಉಳಿದ ಕಲೆಯ ಚಿಂತೆ ಬಿಡಿ. ಅದು ಕೂತಿರುವುದು ಚರ್ಮದ ಮೇಲಿನ ಸತ್ತ ಪದರದಲ್ಲಿ. ಆ ಪದರ ತಾನಾಗಿಯೇ ಕಳಚುತ್ತದೆ, ಕೈಯ ಮೇಲ್ಭಾಗದಲ್ಲಿ ಸುಮಾರು ಎರಡು ವಾರ, ಅಂಗೈ ಚರ್ಮ ದಪ್ಪವಾದ್ದರಿಂದ ಅಲ್ಲಿ ಇನ್ನೂ ಹೆಚ್ಚು. ಉಗುರಿಗೆ ಹಿಡಿದದ್ದು ಮಾತ್ರ ಉಗುರು ಬೆಳೆದೇ ಹೋಗಬೇಕು. ಅದು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ.

ಪ್ರಶ್ನೆ: ಹಲಸಿನಕಾಯಿ ಕೊಯ್ದ ಕೈಗೆ ಹುಣಸೆ ಹಚ್ಚಿದೆ, ಅಂಟು ಸ್ವಲ್ಪವೂ ಬಿಡಲಿಲ್ಲ. ಯಜಮಾನರು ಸೀಮೆಎಣ್ಣೆ ಹಚ್ಚು ಅನ್ನುತ್ತಾರೆ. ಹಚ್ಚಬಹುದೇ? (ಚೇರಂಬಾಣೆ)

ಉತ್ತರ: ಬೇಡ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಅಂಟನ್ನು ತೆಗೆಯುತ್ತವೆ, ಜೊತೆಗೆ ಚರ್ಮದ ಜಿಡ್ಡನ್ನೂ ತೆಗೆದು ಉರಿ ತರುತ್ತವೆ. ಹಲಸಿನ ಮೇಣ ರಬ್ಬರಿನ ಹಾಲಿನ ಹಾಗೆ, ನೀರಿಗೂ ಹುಳಿಗೂ ಕರಗದು. ಅದಕ್ಕೆ ಎಣ್ಣೆಯೇ ಬೇಕು. ಒಣ ಕೈಗೆ ಕೊಬ್ಬರಿ ಎಣ್ಣೆ ಹಾಕಿ, ಮೇಣ ಉಂಡೆಯಾಗಿ ಉರುಳಿ ಬರುವವರೆಗೆ ತಿಕ್ಕಿ, ಹಳೆ ಬಟ್ಟೆಯಲ್ಲಿ ಒರೆಸಿ. ನೀರು ಮುಟ್ಟುವುದು ಆಮೇಲೆ. ಕಡಲೆಹಿಟ್ಟು ಉಜ್ಜಿ ತೊಳೆದರೆ ಜಿಡ್ಡೂ ಹೋಗುತ್ತದೆ. ಮುಂದಿನ ಸಲ ಕೈಗೂ ಕತ್ತಿಗೂ ಮೊದಲೇ ಎಣ್ಣೆ ಸವರಿ.

ಪ್ರಶ್ನೆ: ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ ಪಾಯಸಕ್ಕೆಂದು ಮದ್ದ್ ಸೊಪ್ಪು (ಔಷಧಿಯ ಸೊಪ್ಪು) ಹಿಂಡಿ ಕೈ ನೇರಳೆಯಾಗಿದೆ. ಮಗ ಹೆದರಿದ್ದಾನೆ. (ನಾಪೋಕ್ಲು)

ಉತ್ತರ: ಅದು ನೀರಿಗೆ ಬಿಡುವ ಬಣ್ಣ. ನಾಲ್ಕಾರು ಸಲ ಕೈ ತೊಳೆಯುವಷ್ಟರಲ್ಲಿ ಮಾಸುತ್ತದೆ, ಏನೂ ಹಚ್ಚುವುದು ಬೇಡ. ಪಾಯಸ ತಿಂದ ಮೇಲೆ ಮೂತ್ರ ಕೆಂಪಾದರೂ ಅದೇ ಬಣ್ಣ ಎಂದು ಮಗನಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಮರಗಸಿ (ತೋಟದ ನೆರಳುಮರಗಳ ಕೊಂಬೆ ಸವರುವುದು) ಮಾಡುವಾಗ ಯಾವುದೋ ಕಾಡುಮರದ ಸೊನೆ ಮುಂಗೈಗೆ ತಾಗಿತು. ಕಪ್ಪು ಕಲೆಯಾಯಿತು. ಎಣ್ಣೆ ಹಚ್ಚಿದೆ, ಎರಡನೇ ದಿನಕ್ಕೆ ತುರಿಕೆ ಮೊಣಕೈವರೆಗೂ ಹಬ್ಬಿದೆ. (ಮಾದಾಪುರ)

ಉತ್ತರ: ಇದನ್ನು ಕಲೆ ಎಂದು ಉಜ್ಜಬೇಡಿ. ಇದು ಸುಟ್ಟ ಗಾಯಕ್ಕೆ ಸಮ. ಕಾಡುಗೇರಿನ ಜಾತಿಯ ಮರಗಳ ಸೊನೆ ಗಾಳಿಗೆ ಕಪ್ಪಾಗುತ್ತದೆ, ಚರ್ಮಕ್ಕೆ ಬೊಬ್ಬೆ ತರುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜವೂ ಈ ಬಳಗದ್ದೇ. ಈ ಸೊನೆಯೇ ಎಣ್ಣೆಯಂಥದ್ದು, ಮೇಲೆ ಮತ್ತೆ ಎಣ್ಣೆ ಹಾಕಿ ತಿಕ್ಕಿದರೆ ಹರಡುತ್ತದೆ. ತಾಗಿದ ಕ್ಷಣವೇ ತಣ್ಣೀರು, ಸೋಪು, ಮತ್ತೆ ನೀರು. ಇಲ್ಲಿ ಮಾತ್ರ ಸೋಪಿಗೇ ಮೊದಲ ಜಾಗ. ನಿಮಗೆ ಈಗಾಗಲೇ ಎರಡು ದಿನವಾಗಿರುವುದರಿಂದ ನಾಳೆಯೇ ವೈದ್ಯರನ್ನು ನೋಡಿ. ಮುಖ ಊದಿದರೆ, ಕಣ್ಣಿಗೆ ತಾಗಿದರೆ ನಾಳೆಯವರೆಗೂ ಕಾಯಬೇಡಿ. ಅವತ್ತು ಹಾಕಿದ್ದ ಅಂಗಿಯನ್ನು ಬೇರೆಯಾಗಿ ಒಗೆಯಿರಿ, ಕತ್ತಿಯ ಹಿಡಿಯನ್ನು ಕೈಗವಸು ಹಾಕಿಕೊಂಡು ಸೋಪಿನಲ್ಲಿ ತೊಳೆಯಿರಿ. ಕಡಿದ ಆ ಕೊಂಬೆಗಳನ್ನು ನೀರೊಲೆಗೆ ಹಾಕಬೇಡಿ. ಅದರ ಹೊಗೆಯೂ ಕಣ್ಣು, ಗಂಟಲು ಸುಡುತ್ತದೆ.